ಮೇಷ್ಟ್ರು ಕೊಟ್ಟ ಭರವಸೆ

ಐದನೇ ದಿನವೂ ನಲ್ಲಿ ಬರೀ ಗಾಳಿ ಊದಿತು. ಮುಖಕ್ಕೆಲ್ಲ ಸೋಪು ಬಳಿದುಕೊಂಡಿದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ "ನೀರು!" ಎಂದು ಕೂಗಿದರು. ಅವರು ಕಾಲೇಜಿನಲ್ಲಿ ದೈವಶಾಸ್ತ್ರ ಹೇಳಿಕೊಡುವವರು.

"ಇಲ್ಲ ಕಣ್ರೀ," ಎಂದು ಹೆಂಡತಿ ಟವೆಲ್ಲು ಎಸೆದಳು. "ಕಷ್ಟಕಾಲದಲ್ಲಿ ಅಧಿಕಾರದಲ್ಲಿರೋರನ್ನ ಪ್ರಶ್ನಿಸೋದೇ ನಿಜವಾದ ಭಕ್ತಿ ಅಂತ ಇನ್ನೂರು ಪುಟ ಬರೆದಿದ್ದೀರಲ್ಲ, ಹೋಗಿ ಪ್ರಶ್ನಿಸಿ!"

ಮೇಷ್ಟ್ರದು ಹಾಳೆಯ ಮೇಲೆ ಗುಡುಗು, ಎದುರಾಎದುರಾದರೆ ತೊದಲು. ಕಾಲೇಜಿನ ಜವಾನ ಗಂಟಲು ಸರಿಮಾಡಿಕೊಂಡರೂ ಎದ್ದು ನಿಲ್ಲುವ ಪೈಕಿ. ಆದರೂ ಮುಖ ಒರೆಸಿಕೊಂಡು ಮೆಟ್ಟಿಲಿಳಿದರು. ಕೆಳಮನೆಯ ಟೈಲರಮ್ಮ ಕಂಡೇಬಿಟ್ಟಳು.

"ಮೇಷ್ಟ್ರು ಕೇಳೋಕೆ ಹೊರಟ್ರು, ಎಲ್ಲಾರೂ ಬನ್ರೋ!"

ವಾರ್ಡ್ ಸದಸ್ಯರ ಕಚೇರಿ ಮುಟ್ಟುವಷ್ಟರಲ್ಲಿ ಹಿಂದೆ ನೂರು ಖಾಲಿ ಬಕೆಟ್ಟು, ಮುಂದೆ ಒಬ್ಬರೇ ಮೇಷ್ಟ್ರು. ಒಳಗೆ ಬಿಟ್ಟಿದ್ದು ಅವರನ್ನು ಮಾತ್ರ. ದಾರಿಯುದ್ದಕ್ಕೂ ಉರು ಹೊಡೆದ "ಜನಕ್ಕೆ ಉತ್ತರ ಕೊಡಿ!" ನಾಲಿಗೆಯ ತುದಿಯಲ್ಲಿತ್ತು.

ಸದಸ್ಯರು ಎದ್ದು ಕುರ್ಚಿ ಎಳೆದುಕೊಟ್ಟರು. "ನೀವಾ ಸಾರ್! ಕೂತ್ಕೊಳ್ಳಿ, ಕಾಫಿ ತಗೊಳ್ಳಿ. ನಿಮ್ಮ ಪುಸ್ತಕ ಓದಿದೀನಿ."

ಇಷ್ಟು ವರ್ಷಕ್ಕೆ ಸಿಕ್ಕ ಮೊದಲ ಓದುಗ! ನಾಲಿಗೆಯ ತುದಿಯಲ್ಲಿದ್ದದ್ದು ಕಾಫಿಯ ಜೊತೆ ಒಳಗಿಳಿಯಿತು. "ಯಾವ ಭಾಗ ಹಿಡಿಸ್ತು?"

"ಎಲ್ಲಾನೂ ಸಾರ್. ಹೊರಗೆ ಜನ ಕುದೀತಿದಾರೆ. ಭರವಸೆ ಬಗ್ಗೆ ಎರಡು ಮಾತು ಹೇಳಿ."

ಬಾಗಿಲಾಚೆ ಬರುತ್ತಲೇ ಕೈಗೆ ಮೈಕು ಬಂತು. ಕ್ಲಾಸಿನಲ್ಲಿ ಹನ್ನೊಂದು ಜನ ಆಕಳಿಸುವುದನ್ನೇ ನೋಡಿ ಹಣ್ಣಾದವರಿಗೆ ನೂರು ಜನ ಕಿವಿಗೊಟ್ಟು ನಿಂತದ್ದು ಕಂಡಿತು. ಮತ್ತೆ ಕೇಳಬೇಕೆ! ಕತ್ತಲೆ, ಬೆಳಕು, ಮರುಭೂಮಿ, ಬಂಡೆಯೊಡೆದು ಚಿಮ್ಮುವ ಚಿಲುಮೆ, ಎಲ್ಲವೂ ಬಂದವು. ಪ್ರಶ್ನೆ ಎಂಬ ಪದವೊಂದೇ ಬರಲಿಲ್ಲ. ಟೈಲರಮ್ಮ ಕಣ್ಣೊರೆಸಿಕೊಂಡಳು. ಜನ ಬಕೆಟ್ಟು ಎತ್ತಿಕೊಂಡು ಸಮಾಧಾನವಾಗಿ ಮನೆಗೆ ನಡೆದರು.

ಮೇಷ್ಟ್ರು ಬೀಗುತ್ತ ಒಳಗೆ ಬಂದಾಗ ಸದಸ್ಯರು ಫೋನಿನಲ್ಲಿದ್ದರು. "ಟ್ಯಾಂಕರ್ ಹಿಂದಿನ ಬೀದಿಗೆ ತಿರುಗಿಸು. ಅಲ್ಲಿಯವರು ಗೇಟು ಮುರೀತಿದಾರೆ. ಇಲ್ಲಿಯವರಿಗೆ ಅವಸರ ಇಲ್ಲ."

"ಅದು... ನಮ್ಮ ಟ್ಯಾಂಕರಾ?"

"ಹೌದು ಸಾರ್, ತಿರುವಿನ ತನಕ ಬಂದಿತ್ತು. ಗಲಾಟೆ ಇದ್ದ ಕಡೆ ಮೊದಲು ಕಳಿಸ್ಬೇಕಲ್ವಾ?"

ಮೇಷ್ಟ್ರ ಮೈಯೆಲ್ಲ ಉರಿಯಿತು. ಇನ್ನೂರು ಪುಟವೂ ಒಟ್ಟಿಗೆ ಗಂಟಲಿಗೆ ಬಂದವು. ಬಾಯಿ ತೆರೆದರು.

"ನಾಳೆ ಆ ಬೀದಿಲೂ ಮಾತಾಡಿಬಿಡಿ ಸಾರ್," ಎಂದರು ಸದಸ್ಯರು. "ಅಲ್ಲಿ ಐನೂರು ಜನ ಸೇರ್ತಾರೆ."

"ಎಷ್ಟು ಗಂಟೆಗೆ?" ಎಂದು ಯಾರೋ ಕೇಳಿದರು. ಕೋಣೆಯಲ್ಲಿ ಮೂರನೆಯವರು ಇಲ್ಲವೆಂಬುದು ಮೇಷ್ಟ್ರಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು.