ಟ್ಯೂನಿಸ್ಸಿನಲ್ಲಿ ಅತ್ತೆಯ ಕನ್ನಡ

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಮ್ಮೆಯೂ ದಾರಿ ತಪ್ಪಿದವರಲ್ಲ. ದಾರಿಗಳೇ ಅವರನ್ನು ಕಂಡು ಗಾಬರಿಯಾಗಿ ತಪ್ಪಿಸಿಕೊಳ್ಳುತ್ತವೆ! ಒಂದೇ ಊರಿನೊಳಗೆ ಬ್ಯಾಲಂಟೈನ್ ಬಡಾವಣೆಯಿಂದ ಶ್ಯಾಂಟಿಲಿ ಬಡಾವಣೆಯ ನಮ್ಮ ಮನೆಗೆಂದು ಹೊರಟು, ನಾಲ್ಕು ಗಂಟೆ ದೂರದ ಅಟ್ಲಾಂಟಾ ತಲುಪಿದ ದಿನವೂ ಅವರು ಹಾಗೇ ವಾದಿಸಿದ್ದರು.

ಮಕ್ಕಳ ಡಾಕ್ಟರಾಗಿ ದುಡಿದು ನಿವೃತ್ತರಾದ ಈ ಎಪ್ಪತ್ತೆರಡರ ಮಹಾತಾಯಿ ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿ, "ಟ್ಯೂನಿಸ್‌ಗೆ ಟಿಕೆಟ್ ಬುಕ್ ಮಾಡಿದೀನಿ. ನೀನೂ ಬರ್ತಿದೀಯ" ಎಂದರು.

"ಆಫ್ರಿಕಾಕ್ಕಾ? ಅಲ್ಲೇನಿದೆ ಅತ್ತೆ?"

"ಈ ಅಮೆರಿಕದಲ್ಲಿ ನೂರು ವರ್ಷದ ಗೋಡೆಗೂ ಐತಿಹಾಸಿಕ ಅಂತ ಬೋರ್ಡ್ ಹಾಕಿಬಿಡ್ತಾರೆ ಕಣೇ. ನನಗಿಂತ ನಿಜವಾಗ್ಲೂ ಹಳೇದು ಏನಾದ್ರೂ ನೋಡ್ಬೇಕು!"

ಹೋದೆವು. ಟ್ಯೂನಿಸ್ ಪಕ್ಕದ ಕಾರ್ತೇಜಿನ ಸಮುದ್ರದಂಚಿನಲ್ಲಿ ರೋಮನ್ನರ ಸ್ನಾನಗೃಹದ ಕಂಬಗಳನ್ನು ತೋರಿಸುತ್ತಾ ಗೈಡ್ ಅರ್ಧ ಗಂಟೆ ಚರಿತ್ರೆ ಹೇಳಿದ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಾ ಸರಿ, ಹಂಡೆ ಎಲ್ಲಿಟ್ಟಿದ್ರಂತೆ?"

ಇನ್ನು ಹಳೆಯ ಪೇಟೆ. ಕಮಾನುಗಳ ಕೆಳಗೆ ಓಣಿ, ಓಣಿಯೊಳಗೊಂದು ಓಣಿ. ಅಲ್ಲಿ ಅತ್ತೆ ಎಲ್ಲರೊಡನೆ ಕನ್ನಡ ಶುರು ಮಾಡಿದರು! ನಾನು ತಲೆ ಚಚ್ಚಿಕೊಂಡೆ.

"ನೋಡು, ನಮಗೆ ಇಲ್ಲಿನ ಅರಬ್ಬಿ, ಫ್ರೆಂಚ್ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ. ಹೇಗೂ ಅರ್ಥ ಆಗಲ್ಲ ಅಂದ್ಮೇಲೆ ಕನ್ನಡಕ್ಕೇನಾಗಿದೆ?"

ಮಂಡಿನೋವು ಹೆಚ್ಚಾಗಿ, ಒಬ್ಬ ಅಂಗಡಿಯವನ ಮುಂದೆ ನಿಂತು, "ಒಂದು ಕುರ್ಚಿ ಕೊಡಪ್ಪಾ" ಎಂದರು. ಆತ "ಕುರ್ಸಿ!" ಎನ್ನುತ್ತಾ ಒಳಗೋಡಿ ತಂದೇಬಿಟ್ಟ. ಆ ಪದ ಅರಬ್ಬಿಯದು, ನಮಗೆ ಬಂದದ್ದು ಆ ಕಡೆಯಿಂದ ಎಂದು ನಾನೆಷ್ಟು ವಿವರಿಸಿದರೇನು? "ಕಲಿತುಕೊಂಡಿದಾನೆ ಪಾಪ. ಉಚ್ಚಾರ ಸ್ವಲ್ಪ ತಿದ್ದಬೇಕು" ಎಂದರು ಅತ್ತೆ.

ಮರುದಿನ ನಾನೊಂದು ನೀಲಿ ಬಾಗಿಲಿನ ಫೋಟೋ ತೆಗೆದು ತಿರುಗುವಷ್ಟರಲ್ಲಿ ಅತ್ತೆ ಮಾಯ! ಫೋನ್ ಮಾಡಿದೆ.

"ಅತ್ತೆ, ಲೊಕೇಶನ್ ಶೇರ್ ಮಾಡಿ!"

"ನಾನೆಲ್ಲಿದೀನಿ ಅಂತ ನನಗೇ ಗೊತ್ತಿಲ್ಲ. ನಿನಗೇನು ಶೇರ್ ಮಾಡ್ಲಿ?" ಕಟ್!

ಒಂದು ಗಂಟೆ ಹುಡುಕಿದೆ. ಬೆವರು, ಭಯ, ಕಣ್ಣಲ್ಲಿ ನೀರು. ಕೊನೆಗೊಂದು ತೆರೆದ ಬಾಗಿಲಿನಿಂದ ಪರಿಚಿತ ದನಿ ಕೇಳಿತು: "ಹಾಗಲ್ಲಮ್ಮಾ, ಬಾಳೆನಾರಲ್ಲಿ ಕಟ್ಟಬೇಕು!"

ಒಳಗೆ ಅಂಗಳ. ಒಬ್ಬ ಮುದುಕಿ ಮಲ್ಲಿಗೆ ಮೊಗ್ಗುಗಳನ್ನು ಒಣಹುಲ್ಲಿನ ಕಡ್ಡಿಗೆ ದಾರದಿಂದ ಸುತ್ತಿ ಪುಟ್ಟ ಗೊಂಚಲು ಕಟ್ಟುತ್ತಿದ್ದಳು. ಎದುರಿಗೆ ಚಕ್ಕಳಮಕ್ಕಳ ಹಾಕಿ ನಮ್ಮ ಡಾಕ್ಟರಮ್ಮ! ಮಂಡಿನೋವು ಎಲ್ಲಿ ಹೋಗಿತ್ತೋ!

ಬೈಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಮುದುಕಿ ಒಂದು ಗೊಂಚಲನ್ನು ಅತ್ತೆಯ ಕಿವಿಯ ಹಿಂದೆ ಸಿಕ್ಕಿಸಿ, ಕೆನ್ನೆ ತಟ್ಟಿದಳು.

ಅತ್ತೆಯ ಮಾತು ನಿಂತುಹೋಯಿತು.

ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲೆ ನಮ್ಮವರ ಪೂಜೆಗಳಲ್ಲಿ ಹೂವಿನ ತಟ್ಟೆ ಅತ್ತೆಯ ಮುಂದೆ ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. "ನನ್ನ ಕೂದ್ಲು ಶಾರ್ಟು, ನಿಲ್ಲಲ್ಲ ಬಿಡ್ರೇ" ಎಂದು ಅವರೇ ನಗುತ್ತಿದ್ದರು. ಒಮ್ಮೆ ಆ ತಟ್ಟೆ ಹಿಡಿದಿದ್ದವಳು ನಾನೇ.

ಓಣಿಗೆ ಬಂದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ಚೆನ್ನಾಗಿ ಕಾಣತ್ತೇನೇ?"

ನಾನು ತಲೆಯಾಡಿಸಿದೆ. ಹೂವು ಎಲ್ಲಿ ಜಾರೀತೋ ಎಂದು ಕತ್ತನ್ನು ಒಂದಿಷ್ಟು ವಾರೆ ಮಾಡಿಕೊಂಡು, ಅತ್ತೆ ಹೋಟೆಲಿನವರೆಗೂ ಹಾಗೇ ನಡೆದರು.