ದೇವರ ಗೂಡಿನಲ್ಲಿಟ್ಟ ನೆಮ್ಮದಿ

ಸುಮ್ಮನೆ ಕೂರುವುದೂ ಒಂದು ವಿದ್ಯೆ. ನಮ್ಮ ತಾತ ಜಗಲಿಯ ಕಂಬಕ್ಕೆ ಒರಗಿ ಕೂತರೆ, ಕೋಳಿ ಬಂದು ಅವರ ಹೆಗಲೇರಿ, ಇದೂ ಗೋಡೆಯೇ ಇರಬೇಕು ಅಂದುಕೊಂಡು ತೂಕಡಿಸುತ್ತಿತ್ತು. ಆ ವಿದ್ಯೆ ಅಪ್ಪನಿಗೆ ಅರ್ಧ ಬಂತು, ನನಗೆ ಬರಲೇ ಇಲ್ಲ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ನಟ್ಟು ಬಿಗಿಯುವ ಲೈನಿಗೆ ನಾನು ಸೂಪರ್‌ವೈಸರ್. ಶಿಫ್ಟು ಮುಗಿಸಿ ಸೂಳಗಿರಿ ಪಕ್ಕದ ನಮ್ಮೂರಿಗೆ ಬಂದರೂ ತಲೆಯೊಳಗೆ ಲೈನು ಓಡುತ್ತಲೇ ಇರುತ್ತದೆ. ಒಂದು ಸಲ ನಿದ್ದೆಯಲ್ಲಿ ನನ್ನ ಹೆಂಡತಿ ಸೆಲ್ವಿಯ ಮೂಗು ಹಿಡಿದು ಬಲಕ್ಕೆ ತಿರುಗಿಸಿ ಬಿಗಿ ಮಾಡಿದೆನಂತೆ. ಅವಳು ಕೃಷ್ಣಗಿರಿಯವಳು, ಕೋಪ ಬಂದರೆ ತಮಿಳಿನಲ್ಲೇ ಶುರು. "ಅಯ್ಯೋ ಕಡವುಳೇ! ಇದು ಮೂಗು ರೀ, ನಿಮ್ ಫ್ಯಾಕ್ಟರಿ ನಟ್ಟಲ್ಲ!"

ಈ ಮೂಗಿನ ಕಥೆ ಕೇಳಿ ಮರುಗಿದವನು ನನ್ನ ಜೊತೆ ಕೆಲಸ ಮಾಡುವ ಅನ್ಬು. ಮಾರನೆಯ ವಾರ ಒಂದು ಪುಟ್ಟ ಡಬ್ಬಿ ತಂದು ಕೈಗಿಟ್ಟ. ಒಳಗೆ ಕೆಂಪು, ಹಸಿರು, ಹಳದಿ ಬಣ್ಣದ ಮೆತ್ತನೆಯ ಕರಡಿಮರಿಗಳು. "ಹೆಂಪ್ ಗಮ್ಮಿ ಅಣ್ಣಾ. ಒಂದು ಬಾಯಿಗೆ ಹಾಕ್ಕೊಂಡ್ರೆ ಮೈಯೆಲ್ಲಾ ಫ್ರೀ." ಹೆಂಪ್ ಅಂದರೆ ಭಂಗಿ ಸೊಪ್ಪಿನ ಮನೆತನದ್ದೇ, ಆದರೆ ತಲೆಗೇರದ ಸಾಧು ತಳಿ ಅಂತ ಅವನೇ ವಿವರಿಸಿದ. ಮನೆತನದ ಹೆಸರು ಕೇಳಿಯೇ ನನ್ನ ಮೈ ಬಿಗಿಯಿತು. ನೆಮ್ಮದಿಯ ಮಿಠಾಯಿಯನ್ನು ಎಲ್ಲಿ ಬಚ್ಚಿಡಲಿ ಅನ್ನುವ ಚಿಂತೆಯಲ್ಲಿ ಇದ್ದಬದ್ದ ನೆಮ್ಮದಿಯೂ ಹೋಯಿತು. ಕೊನೆಗೆ ಯಾರೂ ಕೈಹಾಕದ ಜಾಗ ಅಂತ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಹಿಂದೆ ಇಟ್ಟೆ. ಎತ್ತಿನ ಹಬ್ಬ ಮುಗಿಯಲಿ, ಆಮೇಲೆ ಧೈರ್ಯ ಮಾಡಿ ಒಂದು ಕರಡಿ ತಿನ್ನೋಣ ಎಂದುಕೊಂಡೆ.

ಪೊಂಗಲ್ ಕಳೆದ ಮೇಲೆ ನಮ್ಮ ಕಡೆ ಊರೂರಲ್ಲೂ ಎತ್ತು ಬಿಡುತ್ತಾರೆ. ಎತ್ತಿನ ಕೊಂಬಿಗೆ ಬಣ್ಣಬಣ್ಣದ ಕಾಗದ ಅಂಟಿಸಿದ ಬಿದಿರಿನ ತಟ್ಟಿ ಕಟ್ಟಿ ಬೀದಿಗೆ ಬಿಟ್ಟರೆ, ಹುಡುಗರು ನುಗ್ಗಿ ಆ ತಟ್ಟಿ ಕಿತ್ತುಕೊಳ್ಳಬೇಕು. ನಮ್ಮ ಮನೆಯ ಎತ್ತು ಕಾಳನ ತಟ್ಟಿಗೆ ಈವರೆಗೆ ಒಬ್ಬರೂ ಬೆರಳು ತಾಗಿಸಿಲ್ಲ. ಕಾಳ ಬಂತು ಅಂದರೆ ಬಿರುಗಾಳಿ ಬಂದ ಹಾಗೆ. ಆ ಹೆಮ್ಮೆಯಲ್ಲಿ ಅಪ್ಪ, ಟೀ ಅಂಗಡಿಯಲ್ಲಿ ಎದುರುಮನೆ ಮುನಿರಾಜು ಮಾವನ ಮುಂದೆ ಸವಾಲು ಹಾಕಿಬಿಟ್ಟಿದ್ದ. "ಈ ಸತಿ ಯಾವನಾನ ನಮ್ ಕಾಳನ ತಟ್ಟಿ ಕಿತ್ರೆ, ಮೀಸೆ ಬೋಳಿಸ್ಕಂತೀನಿ ಕಣ್ಲಾ!" ಅಪ್ಪನ ಮೀಸೆ ಅಂದರೆ ಸಣ್ಣ ಸಂಗತಿಯಲ್ಲ. ಅದಕ್ಕೆ ಬೇರೆ ಬಾಚಣಿಗೆ, ಬೇರೆ ಎಣ್ಣೆ. ಅದಿಲ್ಲದ ಅಪ್ಪನನ್ನು ಅಮ್ಮ ಕೂಡ ನೋಡಿದವಳಲ್ಲ. ಮುನಿರಾಜು ಮಾವ ಅವತ್ತೇ ಹೋಗಿ ಕ್ಷೌರದವನಿಗೆ ಹೇಳಿಟ್ಟು ಬಂದನಂತೆ.

ಹಬ್ಬದ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡುತ್ತೇನೆ, ದೇವರ ಗೂಡಿನಲ್ಲಿ ಡಬ್ಬಿ ಖಾಲಿ! ನಮ್ಮ ಮನೆಯ ಪದ್ಧತಿ ನನಗೇ ಮರೆತುಹೋಗಿತ್ತು. ದೇವರ ಗೂಡಿನಲ್ಲಿಟ್ಟ ಸಿಹಿ ನೈವೇದ್ಯವಾಗುತ್ತದೆ, ಹಬ್ಬದ ದಿನ ನೈವೇದ್ಯದ ಮೊದಲ ತುತ್ತು ಎತ್ತಿಗೆ. ಅಮ್ಮ ಹಿಗ್ಗಿನಿಂದ ಹೇಳಿದಳು, "ಬಸವಣ್ಣನಿಗೇಂತ ಏಸು ಚೆಂದದ ಮಿಠಾಯಿ ತಂದಿಕ್ಕಿದ್ಯಲ್ಲಪ್ಪಾ. ಎಲ್ಲಾನೂ ಪೊಂಗಲ್‌ಗೆ ಕಲಸಿ ತಿನ್ನಿಸ್ದೆ. ಎಲೆ ಸಮೇತ ನೆಕ್ಕಿಬುಡ್ತು!"

ಕೊಟ್ಟಿಗೆಗೆ ಓಡಿದೆ. ಕಾಳ ಕಣ್ಣು ಅರ್ಧ ಮುಚ್ಚಿಕೊಂಡು, ಸಾಕ್ಷಾತ್ ನಮ್ಮ ತಾತನ ಹಾಗೆ ನಿಂತಿತ್ತು. ದನದ ಡಾಕ್ಟರಿಗೆ ಫೋನ್ ಮಾಡಿದರೆ, "ನೀರು ಕುಡಿಸಿ, ಪಕ್ಕದಲ್ಲೇ ಇರಿ, ಓಡಿಸಬೇಡಿ" ಎಂದರು. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಮೀಸೆಗೆ ಎಣ್ಣೆ ಹಚ್ಚುತ್ತಲೇ ನಕ್ಕ. "ಮಿಠಾಯಿ ತಿಂದು ಎತ್ತು ಮೆತ್ತಗಾಯ್ತದೇನ್ಲಾ? ಗುಡ್ಡದಂಥ ಪ್ರಾಣಿ ಅದು. ನಿನ್ನಂಗೆ ಫ್ಯಾಕ್ಟರಿ ಊಟ ತಿಂದು ಬೆಳೆದಿದ್ದಲ್ಲ!"

ತಮಟೆ ಶುರುವಾಯಿತು. ಹಗ್ಗ ಬಿಚ್ಚಿದರು. ಕಾಳ ಓಡಲಿಲ್ಲ, ಸಂಜೆ ವಾಕಿಂಗ್ ಹೊರಟ ರಿಟೈರಾದ ಮೇಷ್ಟ್ರ ಹಾಗೆ ಬೀದಿಯ ನಡುವೆ ನಡೆಯಿತು. ಒಂದು ರಂಗೋಲಿಯ ಮುಂದೆ ನಿಂತು ಮೂಸಿತು. ನೀರಿನ ಬಕೆಟ್ಟು ಹಿಡಿದು ಹಿಂದೆಯೇ ಓಡುತ್ತಿದ್ದ ನಾನು, ಮುಗಿಯಿತು ಅಪ್ಪನ ಮೀಸೆ ಎಂದುಕೊಂಡೆ. ಆದರೆ ಹುಡುಗರು ಒಬ್ಬೊಬ್ಬರೇ ಹಿಂದೆ ಸರಿದರು. "ಏ, ಹೋಗ್ಬ್ಯಾಡ್ರಲಾ! ಓಡೋ ಕಾಳನ್ನಾದ್ರೂ ನಂಬಬೌದು. ಸುಮ್ನೆ ಅವ್ನೆ ಅಂದ್ರೆ ಏನೋ ಪ್ಲಾನ್ ಮಾಡವ್ನೆ!" ಕೆಲವರು ಚಾವಣಿ ಹತ್ತಿದರು. ತಮಟೆಯವರೂ ಬಡಿಯುತ್ತಲೇ ಹತ್ತಿದರು. ಕಾಳ ನೇರವಾಗಿ ಹೋಗಿ, ಅರಳಿಕಟ್ಟೆಯ ಮೇಲಿದ್ದ ಮುನಿರಾಜು ಮಾವನ ಹೆಗಲ ಮೇಲೆ ಗದ್ದ ಇಟ್ಟು, ದೀರ್ಘವಾಗಿ ಉಸಿರು ಬಿಟ್ಟಿತು. ತಟ್ಟಿ ಮಾವನ ಕಿವಿಗೆ ತಾಗುತ್ತಿತ್ತು. ಕೈ ಎತ್ತಿದ್ದರೆ ಸಾಕಿತ್ತು. ಮಾವನ ಕೈಗಳೆರಡೂ ಮುಗಿದುಕೊಂಡಿದ್ದವು, ಕಣ್ಣು ಅಪ್ಪನನ್ನು ಹುಡುಕುತ್ತಿದ್ದವು. "ಯಪ್ಪಾ... ಮೀಸೆ ನೀನೇ ಇಕ್ಕಳಪ್ಪಾ, ನಿನ್ನ ಎತ್ತು ಕರ್ಕೊಂಡು ಹೋಗು!"

ತಟ್ಟಿಯೂ ಉಳಿಯಿತು, ಮೀಸೆಯೂ ಉಳಿಯಿತು. ಕಾಳ ಈಗ ಓಡದೆಯೇ ಊರು ಗೆದ್ದ ಎತ್ತು. "ಮುಂದಿನ ವರ್ಷಕ್ಕೂ ಅದೇ ಕರಡಿ ತಂದು ಮಡಗು ಕಣ್ಲಾ" ಅನ್ನುತ್ತಾನೆ ಅಪ್ಪ. ಇಲ್ಲವೆಂದು ನಾನು ಆಣೆ ಮಾಡಿದ್ದೇನೆ. ಅವತ್ತು ಡಾಕ್ಟರ ಮಾತಿನಂತೆ ಕೊಟ್ಟಿಗೆಯಲ್ಲಿ ಮಲಗಿದ್ದ ಕಾಳನ ಕುತ್ತಿಗೆಗೆ ಒರಗಿ ಕಾವಲು ಕೂತೆ. ಬೀದಿಯಲ್ಲಿ ಎತ್ತು ಓಡಬೇಕಾದ ಓಟವನ್ನೆಲ್ಲ ನಾನೇ ಓಡಿದ್ದೆನಲ್ಲ, ಯಾವಾಗ ನಿದ್ದೆ ಹತ್ತಿತೋ ತಿಳಿಯದು. ಎದ್ದಾಗ ಕಾಳ ಹುಷಾರಾಗಿ ಹುಲ್ಲು ಮೇಯುತ್ತಿತ್ತು. ಎದುರಿಗೆ ಸೆಲ್ವಿ, ನನ್ನ ಚಾಪೆ ದಿಂಬು ಹಿಡಿದುಕೊಂಡು ನಿಂತಿದ್ದಳು.

"ಎಷ್ಟೊತ್ತಿಂದ ಅದರ ಕಿವಿ ಹಿಡಿದು ಬಲಕ್ಕೆ ತಿರುಗಿಸ್ತಿದ್ರಿ ಗೊತ್ತಾ? ಪಾವಂ, ಒಂದು ಮಾತೂ ಆಡ್ಲಿಲ್ಲ. ನೀವು ಇನ್ಮೇಲೆ ಇಲ್ಲೇ ಮಲಗಿ ರೀ."