ಒಂದು ಅಡಿ ಕಮ್ಮಿ

ಪಾಠವನ್ನು ಬೋರ್ಡಿನ ಮೇಲೆ ಗೀಚಿ ಕಲಿಸಕೂಡದು, ಮಕ್ಕಳ ಕೈಯಲ್ಲೇ ಮಾಡಿಸಿ ಕಲಿಸಬೇಕು ಎಂದು ಆದೇಶ ಬಂತು. ಬರೆದವರೇ ಅದನ್ನು ನಂಬಿರಲಿಲ್ಲ. ನಾಲ್ಕನೇ ತರಗತಿಯ ಮೇಷ್ಟ್ರು ನಂಬಿಬಿಟ್ಟರು. ಅಳತೆಯ ಪಾಠಕ್ಕೆಂದು ಆಟದ ಮೇಷ್ಟ್ರ ಬಟ್ಟೆ ಟೇಪು ತಂದು, ತಮ್ಮ ಕೋಣೆಯನ್ನೇ ಅಳೆಯಿರಿ ಎಂದರು. ಮಧ್ಯಾಹ್ನ ಇನ್‌ಸ್ಪೆಕ್ಟರು ಬರುವವರಿದ್ದರು. ಮೇಷ್ಟ್ರ ಕೆಲಸ ಕಾಯಂ ಆಗಲು ಅವರ ಸಹಿಯೇ ಬೇಕಿತ್ತು.

"ಹತ್ತೊಂಬತ್ತು ಅಡಿ ಸಾರ್," ಎಂದಳು ಎರಡು ಜಡೆಯ ಹುಡುಗಿ.

ಕಿಟಕಿಯಾಚೆ ಹೋಗುತ್ತಿದ್ದ ಹೆಡ್‌ಮಾಸ್ಟರು ಅಲ್ಲೇ ನಿಂತರು.

"ರೀ, ರಿಜಿಸ್ಟರಲ್ಲಿ ಇಪ್ಪತ್ತು ಅಂತ ಬರೆದು ಸಹಿ ಹಾಕಿದೀನಿ. ಇನ್‌ಸ್ಪೆಕ್ಟರ ಮುಂದೆ ಹತ್ತೊಂಬತ್ತು ಬಂದ್ರೆ ನನ್ನ ಕತೆ ಆಮೇಲೆ. ಮೊದಲು ಮನೆಗೆ ಹೋಗೋರು ನೀವು."

ಮೇಷ್ಟ್ರು ಮೂರು ಸಲ ಅಳೆಸಿದರು. ಗೋಡೆ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಇಪ್ಪತ್ತು ಅಂತ ಬರ್ಕೊಳ್ಳಮ್ಮ."

"ಟೇಪು ಹೇಳಿದ್ದನ್ನೇ ಬರೀಬೇಕು ಅಂದ್ರಲ್ಲ ಸಾರ್?"

ವಿಷಯ ಕೇಳಿದ ಆಟದ ಮೇಷ್ಟ್ರಿಗೆ ಇದು ಲೆಕ್ಕಕ್ಕೇ ಇರಲಿಲ್ಲ. "ಇಷ್ಟಕ್ಕೆಲ್ಲ ಹೆದರ್ತಾರಾ? ಶುರುವಿನ ಒಂದಡಿ ಕತ್ತರಿಸಿ, ತುದಿಯ ಉಂಗುರ ವಾಪಸ್ ಹೊಲೀರಿ. ಹೋದ ವರ್ಷ ಹಳೇ ಟೇಪಿಗೆ ಅದೇ ಮಾಡಿದ್ದು. ಉದ್ದ ಜಿಗಿತದಲ್ಲಿ ನಮ್ಮ ಹುಡುಗರು ಮತ್ತೆ ಹೆಂಗೆ ಗೆದ್ರು?"

ಮೇಷ್ಟ್ರು ಬೀರುವಿನ ಹಿಂದೆ ಅವಿತು ಕತ್ತರಿಸಿದರು. ಸೂಜಿ ಟೇಪಿಗಿಂತ ಬೆರಳನ್ನೇ ಹೆಚ್ಚು ಹೊಲಿಯಿತು. ಕತ್ತರಿಸಿದ ತುಂಡು ಜೇಬಿನಲ್ಲಿ ಸತ್ತ ಹಲ್ಲಿಯಂತೆ ಮಲಗಿತು.

ಹೆಡ್‌ಮಾಸ್ಟರ ಜೊತೆ ಇನ್‌ಸ್ಪೆಕ್ಟರು ಬಂದರು. ಬೂಟಿನ ಹಿಮ್ಮಡಿ ಸೇರಿಸಿ ಐದಡಿ. ಗತ್ತು ಮಾತ್ರ ಸೂರಿಗೆ ತಾಗುವಷ್ಟು. ಒಬ್ಬ ಹುಡುಗ ಉಂಗುರವನ್ನು ಗೋಡೆಗೆ ಒತ್ತಿ ಹಿಡಿದ. ಇನ್ನೊಂದು ತುದಿಯಲ್ಲಿ ಜಡೆಯ ಹುಡುಗಿ ಬಗ್ಗಿ ನೋಡಿದಳು.

"ಈಗ ಇಪ್ಪತ್ತು ಸಾರ್," ಎಂದಳು. ಆ 'ಈಗ' ಮೇಷ್ಟ್ರ ಎದೆಗೆ ನಾಟಿತು.

"ಭೇಷ್," ಎಂದ ಇನ್‌ಸ್ಪೆಕ್ಟರು ಚೀಲದಿಂದ ಕಾಗದ ತೆಗೆದರು. "ರಿಜಿಸ್ಟರ್ ನಂಬಬೇಡಿ, ಅಳೆದೇ ನೋಡಿ ಅಂತ ಹೊಸ ಆದೇಶ. ಇಪ್ಪತ್ತು ಅಡಿ ಇರೋ ಕೋಣೇಲಿ ಎರಡು ತರಗತಿ, ಒಬ್ಬರೇ ಮೇಷ್ಟ್ರು. ಐದನೇ ತರಗತಿಯೋರು ಕಾಯಂ, ಅವರೇ ನೋಡ್ಕೋತಾರೆ. ನಾಳೆಯಿಂದ ನೀವು ಬರೋದು ಬೇಡ. ಒಂದಡಿ ಕಮ್ಮಿ ಇದ್ದಿದ್ರೆ ಉಳ್ಕೋತಿದ್ರಿ ನೋಡಿ."

ಮೇಷ್ಟ್ರಿಗೆ ಭೂಮಿ ಬಾಯಿ ಬಿಟ್ಟಂತಾಯಿತು. ಮಾನಕ್ಕಿಂತ ಕೆಲಸ ದೊಡ್ಡದೆನಿಸಿತು.

"ಸಾರ್... ಆ ಟೇಪು ಸರಿಯಿಲ್ಲ. ಒಂದಡಿ ಜಾಸ್ತಿ ತೋರಿಸುತ್ತೆ."

ಹೆಡ್‌ಮಾಸ್ಟರು ಕೆಮ್ಮಿದರು. ಇನ್‌ಸ್ಪೆಕ್ಟರು ಹುಬ್ಬು ಗಂಟಿಕ್ಕಿದರು. "ಹೌದಾ? ಪರೀಕ್ಷೆ ಮಾಡೇಬಿಡೋಣ. ಅಳೀಯಮ್ಮ ನನ್ನ." ಉಂಗುರದ ಮೇಲೆ ಬೂಟು ಊರಿ, ಎದೆ ಸೆಟೆದು ನಿಂತರು.

ಹುಡುಗಿ ಬೆಂಚು ಹತ್ತಿ ಟೇಪು ಎಳೆದಳು.

"ಆರಡಿ ಸಾರ್."

ಮೇಷ್ಟ್ರಿಗೆ ಹೋದ ಜೀವ ಬಂತು.

ಇನ್‌ಸ್ಪೆಕ್ಟರು ಆ ಅಂಕಿಯನ್ನು ಕಣ್ತುಂಬ ನೋಡಿದರು. "ಟೇಪು ಸರಿಯಾಗೇ ಇದೆಯಲ್ರೀ. ಮದುವೆಯಾದಾಗಿಂದ ನಾನು ಮನೇಲಿ ಹೇಳ್ತಿರೋದೂ ಇದನ್ನೇ," ಎಂದು ಟೇಪನ್ನು ಜೋಪಾನವಾಗಿ ಸುತ್ತಿ ತಮ್ಮ ಚೀಲಕ್ಕೆ ಇಳಿಸಿಕೊಂಡು ಹೊರಟರು.

ಮೇಷ್ಟ್ರ ಪಾಲಿಗೆ ಉಳಿದದ್ದು ಜೇಬಿನಲ್ಲಿದ್ದ ಆ ಒಂದಡಿ.